ಸೇತುವೆಯ ಮೇಲೆ ನಾನಿಟ್ಟ ಕಲ್ಲು

ಆ ಗುರುವಾರ ಬೆಳಿಗ್ಗೆ ನನ್ನ ತಮ್ಮ ರುದ್ರೇಶ ನಮ್ಮ ಮನೆ ಬಾಗಿಲಲ್ಲೇ ನಿಂತು ಕಾಫಿ ಕುಡಿದ. ಶೂ ಬಿಚ್ಚಿ ಒಳಗೆ ಬರಲು ಸೋಮಾರಿತನ. ‘ಭಾನ್ವಾರ ಬರ್ತೀನಿ ಕಣಣ್ಣ, ನಿಮ್ಮ ಸಿಂಕಿನ ಪೈಪು ನೋಡಣ’ ಎಂದು ಲೋಟವನ್ನು ಕಿಟಕಿಯಲ್ಲಿಟ್ಟು, ವಸಂತನರಸಾಪುರದ ಫ್ಯಾಕ್ಟರಿಗೆ ಬೈಕ್ ಹತ್ತಿದ. ನಾನು ಪೇಪರಿನಿಂದ ತಲೆ ಎತ್ತಲಿಲ್ಲ. ಎತ್ತಬೇಕೆಂದು ಯಾರಿಗೆ ತಾನೇ ಹೊಳೆಯುತ್ತದೆ?

ಸಂಜೆ ಆರಕ್ಕೆ ವಾಪಸ್ ಬರುವಾಗ ನಮ್ಮ ಹೊಳೆ ಸೇತುವೆಯ ಮೇಲೆ ಎದುರಿಗೊಂದು ಲಾರಿ ಬಂತು. ದಾರಿ ಬಿಡಲು ಅವನು ಅಂಚಿಗೆ ಸರಿದ. ಅಂಚಿನಲ್ಲಿ ತಡೆಗೋಡೆ ಇರಲಿಲ್ಲ.

(ತುಮಕೂರಿಗೆ ಹೊಳೆ ಎಲ್ಲಿಂದ ಬಂತು ಎಂದು ನಗಬೇಡಿ. ಕೆರೆ ಕೋಡಿ ಬಿದ್ದಾಗ ಮಾತ್ರ ಹರಿಯುವ ನೀರದು. ಉಳಿದ ದಿನ ಕೆಳಗೆ ಬರೀ ಬಂಡೆ. ಅವತ್ತೂ ಬಂಡೆಯೇ ಇತ್ತು.)

ಸೇತುವೆಯ ಈಚೆಗೆ ನಮ್ಮ ಹಳೇ ಬೀದಿಗಳು, ಒಂದು ಪಾರ್ಕು. ಆಚೆಗೆ ತಮ್ಮನ ಮನೆಯಿರುವ ಹೊಸ ಲೇಔಟು. ಪಾರ್ಕಿಗೆ ಬಣ್ಣದ ಲೈಟು ಬಂದಿದೆ, ಸೆಲ್ಫಿ ತೆಗೆದುಕೊಳ್ಳಲು ದೊಡ್ಡ ಅಕ್ಷರಗಳ ಬೋರ್ಡು ಬಂದಿದೆ. ಯಾವುದೋ ಟ್ರ್ಯಾಕ್ಟರ್ ಗುದ್ದಿ ಬೀಳಿಸಿದ ಸೇತುವೆಯ ಎಂಟಡಿ ಉದ್ದದ ತಡೆಗೋಡೆಗೆ ಮಾತ್ರ ಎಸ್ಟಿಮೇಟ್ ಆಗುತ್ತಲೇ ಇತ್ತು.

ತಮ್ಮನ ಉತ್ತರಕ್ರಿಯೆ, ಶಿವಗಣಾರಾಧನೆ ಮುಗಿದ ಮಾರನೇ ದಿನ ನನಗೆ ಸುಮ್ಮನಿರಲು ಆಗಲಿಲ್ಲ. ತಮ್ಮನ ಮಗಳು ಚಂದನ ಕ್ಯಾತ್ಸಂದ್ರದ ಕಾಲೇಜಿಗೆ ಸ್ಕೂಟಿಯಲ್ಲಿ ಹೋಗುವುದು ಅದೇ ಸೇತುವೆಯ ಮೇಲೆ. ಗ್ಯಾರೇಜಿನ ನಯಾಜ್ ಜೊತೆ ಸೇರಿ, ಬೇಲಿಗೆ ನೆಡುವ ಒಂದು ಕಲ್ಲನ್ನು ಹೊತ್ತೊಯ್ದು ಗೋಡೆ ಬಿದ್ದ ಜಾಗದಲ್ಲಿ ನಿಲ್ಲಿಸಿದೆ. ಬುಡಕ್ಕೆ ಸಿಮೆಂಟು. ಹೆಡ್‌ಲೈಟಿಗೆ ಕಾಣಲಿ ಎಂದು ನಯಾಜ್ ಬಿಳಿ ಬಣ್ಣ ಬಳಿದು, ಮಧ್ಯೆ ಕೆಂಪು ಪಟ್ಟೆ ಎಳೆದ.

ಬಿಳಿ, ಕೆಂಪು. ನಮ್ಮ ಕಡೆ ರಸ್ತೆ ಪಕ್ಕ ಇಂಥ ಕಲ್ಲು ನಿಂತರೆ ಏನಾಗುತ್ತದೆಂದು ನಿಮಗೆ ಗೊತ್ತಲ್ಲವೇ? ನಮಗಿಬ್ಬರಿಗೂ ಹೊಳೆಯಲಿಲ್ಲ.

ಮುಂದಿನ ವಾರ ಅದರ ಮೇಲೆ ಕುಂಕುಮವಿತ್ತು. ಆಮೇಲೆ ನಿಂಬೆಹಣ್ಣು, ದೀಪ. ತಿಂಗಳೊಳಗೆ ತಲೆ ಮೇಲೊಂದು ತಗಡಿನ ಚಾವಣಿ, ಅದರಲ್ಲಿ ‘ಸೇತುವೆ ಮುನೇಶ್ವರ’ ಎಂಬ ಬರಹ. ನಯಾಜ್ ತಲೆ ಮೇಲೆ ಕೈಯಿಟ್ಟುಕೊಂಡ. ‘ನಾನ್ ಪೇಂಟ್ ಹೊಡ್ದಿದ್ದು ಕಣಣ್ಣ! ನನ್ ಕೈಲಿ ದೇವ್ರು ಮಾಡ್ಸ್ಬುಟ್ರಲ್ಲ. ಮನೇಲಿ ನಮ್ಮಮ್ಮಂಗೆ ಏನಂತ ಹೇಳ್ಲಿ?’ ಸಾವಿನ ನಂತರ ನಾನು ಮೊದಲ ಸಲ ನಕ್ಕಿದ್ದು ಆಗಲೇ.

ನಗು ಹೆಚ್ಚು ದಿನ ಉಳಿಯಲಿಲ್ಲ. ಮಂಗಳವಾರ ಪೂಜೆಗೆ ಜನ ನಿಲ್ಲುವುದು ಎಲ್ಲಿ? ಗೋಡೆಯಿಲ್ಲದ ಅಂಚಿನಲ್ಲೇ. ಪ್ರದಕ್ಷಿಣೆ ಬರುವವರು ಅಂಚಿಗೆ ಬೆನ್ನು ಮಾಡಿಕೊಂಡೇ ತಿರುಗುತ್ತಾರೆ. ಬೈಕಿನವರು ಒಂದು ಕೈ ಬಿಟ್ಟು ಎದೆ ಮುಟ್ಟಿಕೊಳ್ಳುತ್ತಾರೆ. ಚಂದನಳೂ ಹಾಗೇ ಮಾಡಿದ್ದನ್ನು ಕಣ್ಣಾರೆ ಕಂಡೆ. ‘ಎರಡೂ ಕೈಲಿ ಹ್ಯಾಂಡಲ್ ಹಿಡ್ಕೊಳೇ!’ ಎಂದು ರಸ್ತೆಯಲ್ಲೇ ಕೂಗಿದೆ. ‘ಒಂದ್ ಸೆಕೆಂಡ್ ಅಷ್ಟೇ ದೊಡ್ಡಪ್ಪ’ ಎಂದಳು. ಒಂದು ಸೆಕೆಂಡು ಎಷ್ಟು ಉದ್ದವಿರುತ್ತದೆಂದು ಅವಳಿಗೆ ಹೇಗೆ ಹೇಳಲಿ? ಈಗ ದಿನಾ ಅವಳು ದಾಟುವ ಹೊತ್ತಿಗೆ ನಾನು ಸೇತುವೆಯ ಈಚೆ ತುದಿಯಲ್ಲಿ ನಿಂತಿರುತ್ತೇನೆ.

ಕಳೆದ ಸೋಮವಾರ ಕೊನೆಗೂ ಕಂಟ್ರಾಕ್ಟರನ ಆಳುಗಳು ಕಬ್ಬಿಣ, ಜಲ್ಲಿ ಹೇರಿಕೊಂಡು ಬಂದರು. ಗೋಡೆ ಎಬ್ಬಿಸಲು ಕಲ್ಲು ಎರಡಡಿ ಸರಿಯಬೇಕಿತ್ತು. ಅಷ್ಟೇ. ಹತ್ತು ನಿಮಿಷದಲ್ಲಿ ಜನ ಸೇರಿದರು.

‘ಅದು ನಾನಿಟ್ಟ ಕಲ್ಲು. ನಾನೇ ತೆಗೀತೀನಿ’ ಎಂದೆ.

ಹೂವಿನ ಬುಟ್ಟಿ ಹಿಡಿದಿದ್ದ ಅಜ್ಜಿಯೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ನೀನ್ ಯಾವನಪ್ಪ ಇಡಕ್ಕೆ? ತಾನಾಗೇ ಎದ್ದಿರೋ ಸ್ವಾಮಿ ಅದು.’

‘ಅಜ್ಜಿ, ಬುಡದಲ್ಲಿ ಸಿಮೆಂಟು ನೋಡಿ.’

‘ಸ್ವಾಮಿ ಮನಸ್ಸು ಮಾಡಿದ್ರೆ ಸಿಮೆಂಟ್ ಬರಕ್ಕಿಲ್ವಾ?’

ಗುಂಪಿನಲ್ಲಿ ತಮ್ಮನ ಹೆಂಡತಿ ಗಿರಿಜ ನಿಂತಿದ್ದಳು. ಗೋಡೆಗಾಗಿ ನನ್ನ ಜೊತೆ ಆಫೀಸಿನಿಂದ ಆಫೀಸಿಗೆ ಅಲೆದವಳು. ‘ನೀನಾದ್ರೂ ಹೇಳಮ್ಮ’ ಎಂದೆ.

ಅವಳು ತಲೆ ತಗ್ಗಿಸಿದಳು. ಕೈಯಲ್ಲಿ ಕರ್ಪೂರದ ಪೊಟ್ಟಣವಿತ್ತು. ‘ಕಲ್ಲು ಬಂದ್ಮೇಲೆ ಇಲ್ಲಿ ಯಾರೂ ಬಿದ್ದಿಲ್ಲ ಭಾವ. ನನ್ ಮಗಳು ದಿನಾ ಓಡಾಡ್ತಾಳೆ. ಅಲ್ಲಾಡ್ಸೋದು ಬ್ಯಾಡ.’

ನಾನು ಹೆದರಿದ್ದು ಚಂದನಳಿಗಾಗಿ, ಗಿರಿಜ ಹೆದರಿದ್ದೂ ಅವಳಿಗಾಗಿಯೇ. ನಾನು ಕಲ್ಲಿನಿಂದ ಪಕ್ಕಕ್ಕೆ ಸರಿದೆ.

‘ನೀವ್ ನೀವೇ ತೀರ್ಮಾನ ಮಾಡ್ಕಂಡು ಫೋನ್ ಮಾಡಿ’ ಎಂದು ಮೇಸ್ತ್ರಿ ಜಲ್ಲಿಯನ್ನು ಬೆಳ್ಳಾವಿ ಕಡೆ ಇನ್ನೊಂದು ಕೆಲಸಕ್ಕೆ ಹೊಡೆಸಿಕೊಂಡು ಹೋದ.

ಮೊನ್ನೆ ಮುನೇಶ್ವರನಿಗೆ ಗಂಟೆ ಕಟ್ಟಿದರು. ಎಂಟಡಿ ಗೋಡೆ ಇನ್ನೂ ಇಲ್ಲ.