ಅತ್ತಿ ಕೊಟ್ಟ ರಕ್ತ

"ನಮ್ಮ ಮನ್ಯಾಗ ಡಾಕ್ಟರಾ? ಎಮ್ಮಿ ಸಾಲಿಗಿ ಹೋದಂಗಾತು ತಗೋ" ಎಂದವಳು ನನ್ನ ಅತ್ತಿ, ಅಪ್ಪನ ಅಕ್ಕ. ನಾನು ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಸೇರಿದೆನೆಂದು ಪೇಢೆ ಕೊಡಲು ಬಸವನ ಬಾಗೇವಾಡಿಗೆ ಹೋಗಿದ್ದೆ. ರೊಟ್ಟಿ ಬಡಿಯುವ ಕೈ ನಿಲ್ಲಿಸದೆಯೇ ಅಂದಳು. ಗಂಡ ಸತ್ತ ಮೇಲೆ ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ರೊಟ್ಟಿ ಬಡಿದು ಕೊಟ್ಟೇ ಬಾಳುವೆ ಮಾಡಿದವಳು.

ಅಪ್ಪ ಸಿಂದಗಿಯ ಮಾರುಕಟ್ಟೆಯಲ್ಲಿ ಹಮಾಲ. ಅವ್ವ ಹೆಬ್ಬೆಟ್ಟು. ನಮ್ಮ ಮನೆತನದಲ್ಲಿ ಡಿಗ್ರಿ ಅನ್ನುವುದನ್ನು ಮೊದಲು ಕಂಡವಳು ನಾನು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಅತ್ತಿಗೂ ಒಳಗೊಳಗೆ ಹೆಮ್ಮೆ ಇತ್ತು. ಆದರೆ ಅವಳದು ಹೊಗಳುವ ನಾಲಿಗೆ ಅಲ್ಲ.

"ಡಾಕ್ಟರಾಗಿ ಏನ್ ಮಾಡ್ತಿ? ಸೂಜಿ ಮಾಡ್ತಿಯೇನು?"

"ಸೂಜಿ ಮಾಡೋ ಡಾಕ್ಟರ್ ಅಲ್ಲ ಅತ್ತಿ. ಹೆಣ್ಮಕ್ಕಳ ಎದಿ ಕ್ಯಾನ್ಸರ್ ಮ್ಯಾಲ ಓದಾಕತ್ತೇನಿ."

"ಥೂ, ದೀಪ ಹಚ್ಚೋ ಹೊತ್ನ್ಯಾಗ ಅದರ ಹೆಸರು ತಗೀಬ್ಯಾಡ."

ಹೆಸರು ತೆಗೆಯದೆ ತಿಳಿಸಿ ಹೇಳುವುದು ಹೇಗೆ? ಗಂಟು ಬೆಳೆಯದಂತೆ ಕಾಯುವ ಜೀನ್‌ಗಳು ನಮ್ಮ ಮೈಯೊಳಗೇ ಇವೆ. ಕೆಲವು ಸಲ ಆ ಜೀನ್ ಕೆಟ್ಟಿರುವುದಿಲ್ಲ, ಅದರ ಒಂದಕ್ಷರವೂ ತಪ್ಪಿರುವುದಿಲ್ಲ. ಮೀಥೈಲ್ ಎಂಬ ಸಣ್ಣ ಗುಂಪುಗಳು ಬಂದು ಅದರ ತಲೆಯ ಮೇಲೆ ಕೂತುಬಿಡುತ್ತವೆ, ಜೀನ್ ಸುಮ್ಮನಾಗುತ್ತದೆ. ಈ ಗುರುತು ಗಂಟಿನಲ್ಲಿ ಕಾಣುತ್ತದೆ. ಗಂಟಿನಿಂದ ಕಳಚಿ ರಕ್ತಕ್ಕೆ ಬಿದ್ದ ಚೂರುಗಳಲ್ಲೂ ಕಂಡೀತೇ, ಮುಂದೊಂದು ಕಾಲಕ್ಕೆ ಬರೇ ರಕ್ತ ನೋಡಿ ರೋಗವನ್ನು ಬೇಗ ಹಿಡಿಯಬಹುದೇ ಎಂಬುದು ನನ್ನ ಅಭ್ಯಾಸದ ಪ್ರಶ್ನೆ.

ಅತ್ತಿಗೆ ಹೇಳಿದ್ದು ಹೀಗೆ: "ಜ್ವಾಳದ ಹೊಲದಾಗ ಹಕ್ಕಿ ಕಾಯಾವ ಇರ್ತಾನಲ್ಲ, ಅಂವ ಸತ್ತಿಲ್ಲ. ಅಟ್ಟದ ಮ್ಯಾಲೇ ಅದಾನ. ಯಾರೋ ಮೈತುಂಬ ಕಂಬಳಿ ಹೊಚ್ಚಿ ಮಲಗಿಸ್ಯಾರ. ಹಕ್ಕಿ ತೆನಿ ತಿನ್ನಾಕತ್ತಾವ."

"ಹೋಗಿ ಕಂಬಳಿ ಜಗ್ರಿ ಮತ್ತ!"

"ಕಂಬಳಿ ಬಿದ್ದದ್ದು ಮೊದಲ ಗೊತ್ತಾಗಬೇಕಲ್ಲ ಅತ್ತಿ."

ಅತ್ತಿ ಎರಡು ಬಿಸಿ ರೊಟ್ಟಿ ತಾಟಿಗೆ ಹಾಕಿದಳು.

ರೋಗಿಗಳ ರಕ್ತಕ್ಕೆ ಕಷ್ಟವಾಗಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದವರು ಇನ್ನೊಂದು ಸೂಜಿಗೆ ಬೇಡವೆನ್ನುವುದಿಲ್ಲ. ಸಿಗದೆ ಹೋದದ್ದು ನಿರೋಗಿಗಳ ರಕ್ತ. ಹೋಲಿಸಿ ನೋಡಲು ಅದೇ ವಯಸ್ಸಿನ, ಅದೇ ಸೀಮೆಯ, ಗಟ್ಟಿಮುಟ್ಟಾದ ಹೆಂಗಸರು ಬೇಕು. ಇಂಡಿಯಲ್ಲಿ ಕೇಳಿದೆ, ಮುದ್ದೇಬಿಹಾಳದಲ್ಲಿ ಕೇಳಿದೆ. "ನಾ ಏನ್ ಬ್ಯಾನಿ ಬಿದ್ದೇನೇನ್ರಿ ರಕ್ತ ಕೊಡಾಕ?" ಎಂದು ಬಾಗಿಲು ಮುಂದೆ ಮಾಡಿದರು. ಒಬ್ಬಾಕೆ ಸೆರಗು ಹಿಡಿದು ಒಳಗೆ ಕರೆದು, "ಮಗಳಿಗೆ ನೋಡಾಕ ಬರೋರದಾರ ಮೇಡಂ. ಇಂಥಾದ್ದಕ್ಕ ರಕ್ತ ಕೊಟ್ಟೇನಿ ಅಂತ ಗೊತ್ತಾದ್ರ ಬೀಗರು ಹೊಸ್ತಲಾ ದಾಟಂಗಿಲ್ಲ" ಎಂದು ಕೈಮುಗಿದಳು. ಅವಳನ್ನು ಬೈಯುವ ಹಾಗೂ ಇರಲಿಲ್ಲ.

ಬರ್ಫ ತುಂಬಿದ ಥರ್ಮಾಕೋಲ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಿರುಗಿದ್ದೇ ತಿರುಗಿದ್ದು. ನಮ್ಮ ಕಡೆ ಅಂಥ ಡಬ್ಬಿಯಲ್ಲಿ ಕೊಲ್ಹಾರದ ಮೀನು ಬರುತ್ತದೆ.

"ಮೀನಾ ಏನವಾ? ಹಿಂದ ಹೋಗಿ ಕುಂಡ್ರು, ಮಂದಿ ಬೈತಾರ" ಎನ್ನುತ್ತಿದ್ದ ಕಂಡಕ್ಟರ್.

"ಮೀನಲ್ರಿ."

"ಮತ್ತೇನೈತಿ?"

ರಕ್ತ ಅಂದರೆ ಇಳಿಸಿಯೇ ಬಿಟ್ಟಾನು. "ಮೀನೇ ಐತ್ರಿ" ಎಂದು ಹಿಂದಿನ ಸೀಟಿಗೆ ಹೋಗುತ್ತಿದ್ದೆ. ಹೆಚ್ಚಿನ ಸಲ ಡಬ್ಬಿಯಲ್ಲಿ ಬರ್ಫ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಅದೂ ಊರು ಮುಟ್ಟುವುದರೊಳಗೆ ನೀರಾಗಿರುತ್ತಿತ್ತು. ಬೆನ್ನು ಹಿಡಿದುಕೊಂಡು ಇಳಿಯುವಾಗ, ಬಿಟ್ಟುಬಿಡೋಣ, ಎಲ್ಲಾದರೂ ಸಾಲಿಯಲ್ಲಿ ವಿಜ್ಞಾನ ಕಲಿಸೋಣ ಅನ್ನಿಸುತ್ತಿತ್ತು.

ಬಾಗೇವಾಡಿಯಲ್ಲಿ ಅತ್ತಿಯ ಓಣಿಯಲ್ಲೂ ಹಾಗೇ ಆಗುವುದಿತ್ತು. ರಕ್ತ ತೆಗೆಯಲು ಬಂದ ಸಿಸ್ಟರ್ ಗಡಿಯಾರ ನೋಡುತ್ತಿದ್ದಳು. ನೆರೆಯವರೆಲ್ಲ ಅಂಗಳದಲ್ಲಿ ನಿಂತು ನಗುತ್ತಿದ್ದರು, ಮುಂದೆ ಒಬ್ಬರೂ ಬರಲೊಲ್ಲರು. ಅತ್ತಿ ಹಿಟ್ಟಿನ ಕೈ ತೊಳೆದುಕೊಂಡು ಬಂದು ಕುರ್ಚಿಯಲ್ಲಿ ಕೂತು ತೋಳು ಚಾಚಿದಳು. ನಾನು ಒಪ್ಪಿಗೆ ಪತ್ರ ಓದಿ ಹೇಳಿದೆ.

"ಇದರಿಂದ ನಿನಗ ಯಾವ ಫಲಿತಾಂಶಾನೂ ಹೇಳಂಗಿಲ್ಲ ಅತ್ತಿ. ಇದು ಬರೇ ಅಭ್ಯಾಸಕ್ಕ. ಎದ್ಯಾಗ ಗಂಟು ಗಿಂಟು ಏನೂ ಇಲ್ಲಲ್ಲ?"

"ಏನಿಲ್ಲ. ಓದಿದ್ದು ಸಾಕು, ಚುಚ್ಚಸು." ಆಮೇಲೆ ಅಂಗಳದ ಕಡೆ ತಿರುಗಿ, "ಏ, ಏನ್ ನಿಂತು ಹಲ್ಲ ಕಿಸಿತೀರಿ? ನನಗಿಂತ ಚೆಲುವ್ಯಾರೇನು ನೀವು? ಬರ್ರಿ, ಸಾಲು ಹಚ್ರಿ!"

ಅವತ್ತು ಡಬ್ಬಿ ತುಂಬಿತು. ಬಸ್ಸಿನಲ್ಲಿ ಮೊದಲ ಸಲ ನಿಜವಾಗಿ ಹೆದರಿದೆ, ಯಾರಾದರೂ ಒದ್ದು ಕೆಡವಿಯಾರೆಂದು.

ಮುಂದೆ ಪ್ರಯೋಗಾಲಯದ ಕೆಲಸದಲ್ಲಿ ಆ ಕಡೆ ಹೋಗಲು ಆಗಲೇ ಇಲ್ಲ. ಬೇಸಿಗೆಗೆ ಹೋದಾಗ ಒಲೆಯ ಮುಂದೆ ಬೇರೆ ಹೆಂಗಸು ಕೂತಿದ್ದಳು. ಅತ್ತಿ ಪಕ್ಕದಲ್ಲಿ ಕೂತು ಹಿಟ್ಟು ಅಳೆದು ಕೊಡುತ್ತಿದ್ದಳು.

"ಯಾಕ ಅತ್ತಿ, ಸಾವ್ಕಾರ್ತಿ ಆದೇನು?"

"ತೋಳು ಏಳವಲ್ದು."

ಒಳಗೆ ಕರೆದೊಯ್ದು ಕೈ ಹಾಕಿ ನೋಡಿದೆ. ಬಗಲಲ್ಲೊಂದು, ಎದೆಯಲ್ಲೊಂದು. ಎದೆಯದು ಲಿಂಬಿಹಣ್ಣಿನಷ್ಟಿತ್ತು. ಲಿಂಬಿಗೆ ಹೆಸರಾದ ಇಂಡಿಯ ಕಡೆಯಿಂದ ಆಸ್ಪತ್ರೆಗೆ ಬರುವ ಹೆಂಗಸರು ಗಂಟನ್ನು ಅಳೆಯುವುದೂ ಲಿಂಬಿಹಣ್ಣಿನಲ್ಲೇ. ಅವರ ಬಾಯಿಂದ ಅಷ್ಟು ಸಲ ಕೇಳಿದ ಮಾತು ಈಗ ನನ್ನ ಬೆರಳಿಗೇ ಸಿಕ್ಕಿತು.

"ಯಾವಾಗಿನಿಂದ ಐತಿ?"

"ನೀ ರಕ್ತ ಒಯ್ದಿದ್ಯಲ್ಲ, ಅದಕ್ಕಿಂತ ಮೊದಲಿಂದ. ಆಗ ಸಣ್ಣದಿತ್ತು, ಕಡ್ಲಿಕಾಳಿನಷ್ಟು."

"ಕೇಳಿದ್ನೆಲ್ಲ ಅತ್ತಿ! ಏನಿಲ್ಲ ಅಂದಿ."

"ಓಣಿ ಮಂದಿ ಮುಂದ ಹೇಳ್ಲೇನು? ರಕ್ತಾನ ಕೊಟ್ಟೇನಿ, ಇದ್ರ ಅದೇ ಹೇಳ್ತೈತಿ ಅಂತಂದ್ಕೊಂಡೆ. ನೀ ಏನೂ ಅನಲಿಲ್ಲ. ಹಂಗಾರ ಏನೂ ಇಲ್ಲ ಅಂತ ಸುಮ್ನಾದೆ."

ಅವಳ ರಕ್ತದ ನಳಿಕೆ ಇನ್ನೂ ಫ್ರೀಜರಿನಲ್ಲಿ ಸರದಿ ಕಾಯುತ್ತಿತ್ತು. ತೆಗೆದು ನೋಡಿದ್ದರೂ, ಒಬ್ಬ ಹೆಂಗಸಿಗೆ ನಿನಗಿದೆ, ನಿನಗಿಲ್ಲ ಎಂದು ಹೇಳುವಷ್ಟು ಆ ಪರೀಕ್ಷೆ ಬೆಳೆದಿಲ್ಲ. ಬಹಳ ಮಂದಿಯ ರಕ್ತ ಒಟ್ಟಿಗಿಟ್ಟು ನೋಡಿದರೆ ಏನೋ ಒಂದು ತೋರುವ ವಿದ್ಯೆ ಅದು. ಅತ್ತಿ ಅದರ ಮಾತಿಗಾಗಿ ಇಷ್ಟು ತಿಂಗಳು ಕಾದಿದ್ದಳು. ಮೌನವನ್ನೇ ಉತ್ತರವೆಂದು ತಿಳಿದಿದ್ದಳು.

"ನಾಳೆ ಆಸ್ಪತ್ರಿಗೆ ಹೋಗೂಣು."

"ಒಲ್ಲೆ. ಯಾರ ಮುಂದೂ ಕುಪ್ಪಸ ಬಿಚ್ಚಂಗಿಲ್ಲ ನಾ. ಇನ್ನೊಮ್ಮೆ ರಕ್ತ ಒಯ್ದು ನೀನ ನೋಡಿ ಹೇಳು."

"ನನ್ನ ಪರೀಕ್ಷಾ ಏನೂ ಹೇಳಂಗಿಲ್ಲ ಅತ್ತಿ."

"ಮತ್ತ ಇಷ್ಟು ವರ್ಷ ಏನ್ ಓದಿದಿ?"

ಮನೆಯಲ್ಲಿ ನನ್ನ ಓದನ್ನು ಇಷ್ಟು ಗಟ್ಟಿಯಾಗಿ ನಂಬಿದವರು ಇನ್ನೊಬ್ಬರಿರಲಿಲ್ಲ. ಆಗೋದಿಲ್ಲ ಎಂದವಳೇ ತನ್ನ ಜೀವವನ್ನು ಅದರ ಮೇಲೆ ಇಟ್ಟು ಕೂತಿದ್ದಳು. ಆ ನಂಬಿಕೆಯನ್ನು ನನ್ನ ಕೈಯಾರೆ ಒಡೆಯದೆ ಅವಳು ಅಲ್ಲಿಂದ ಏಳುವ ಹಾಗಿರಲಿಲ್ಲ.

"ನನ್ನ ಓದು ಇನ್ನೂ ಹಸಿ ರೊಟ್ಟಿ ಅತ್ತಿ. ಬಾಯಿಗಿಡಾಕ ಬರಂಗಿಲ್ಲ. ಆಸ್ಪತ್ರ್ಯಾಗ ಡಾಕ್ಟರ್ ಬಾಯಾರು ಅದಾರ. ಅವರು ಬೆರಳಿಲೆ ಮುಟ್ಟಿ ನೋಡಿದ್ರ ನನ್ನ ಮಷೀನಕ್ಕಿಂತ ಹೆಚ್ಚು ಹೇಳ್ತಾರ."

ಅತ್ತಿ ಕುಪ್ಪಸ ಸರಿಮಾಡಿಕೊಂಡಳು.

"ಹಸಿ ಅಂತ ಗೊತ್ತಿದ್ದೂ ಊರೂರು ತಿರುಗಿದೇನ?"

"ಬೇಯಿಸಾಕ ಅತ್ತಿ."

"ಹೆಣ್ಮಗಳು ಅದಾಳಂತಿಯೆಲ್ಲ? ಖರೇನಾ?"

"ಖರೇನ."

"ಹಂಗಾರ ಮುಂಜಾನಿ ಬಸ್ಸಿಗೇ ಹೋಗೂಣು. ಊರ ಮಂದಿಗೆ ಮದವಿಗೆ ಹೊಂಟೇವಿ ಅಂತ ಹೇಳು."

ರೇಶ್ಮಿ ಸೀರೆ ಉಟ್ಟೇ ಬಂದಳು.

ಆಪರೇಶನ್ ಆಯಿತು, ಆಮೇಲೆ ಕಿಮೋ. ಕೂದಲು ಹೋದಾಗ ತಲೆ ತುಂಬ ಸೆರಗು ಹೊತ್ತು, "ನೋಡು, ಎಂಥಾ ಗರತಿ ಆಗೇನಿ" ಎಂದಳು. ಹಂಚಿನ ಮೇಲೆ ಬಿಟ್ಟ ರೊಟ್ಟಿಯಂತೆ ಒಣಗಿದ್ದ ಅವಳ ತುಟಿಗೆ ಚಮಚದಿಂದ ಮಜ್ಜಿಗೆ ಹಾಕುತ್ತ ನಾನು ನಗಲೂ ಆಗದೆ ಕೂತಿರುತ್ತಿದ್ದೆ. ಹಗಲು ಆಸ್ಪತ್ರೆ, ಸಂಜೆ ಪ್ರಯೋಗಾಲಯ. ನಿರೋಗಿಗಳ ಗುಂಪಿನಿಂದ ಅವಳ ನಳಿಕೆ ತೆಗೆಯಬೇಕೆಂದು ನಮ್ಮ ಗೈಡ್ ಹೇಳಿದರು; ಅದು ಸರಿಯೇ. ಅವಳ ಜಾಗಕ್ಕೆ ಇನ್ನೊಬ್ಬ ಗಟ್ಟಿ ಹೆಂಗಸನ್ನು ಹುಡುಕಿಕೊಂಡು ಮತ್ತೆ ಡಬ್ಬಿ ಹಿಡಿದು ಮುದ್ದೇಬಿಹಾಳದ ಬಸ್ ಹತ್ತಿದೆ. ಈ ಸಲ ರಕ್ತಕ್ಕಿಂತ ಮೊದಲು ಸಿಸ್ಟರ್ ಪ್ರತಿಯೊಬ್ಬರನ್ನೂ ಒಳಗೆ ಕರೆದು ಮುಟ್ಟಿ ನೋಡಿದಳು.

ಘಟಿಕೋತ್ಸವ ಮುಗಿಸಿ ಸೀದಾ ಬಾಗೇವಾಡಿಗೆ ಹೋದೆ. ಅತ್ತಿಯ ತಲೆಯಲ್ಲಿ ಗಿಡ್ಡ ಕೂದಲು ಬಂದಿತ್ತು. ಬಲಗೈ ರೊಟ್ಟಿ ಬಡಿಯದು, ಬಡಿಯುವವರನ್ನು ಬೈಯುವ ಬಾಯಿ ಮಾತ್ರ ಹಾಗೇ ಇತ್ತು. ಸರ್ಟಿಫಿಕೇಟನ್ನು ಅವಳ ಕೈಗಿಟ್ಟೆ. ಹಿಟ್ಟು ಹತ್ತೀತೆಂದು ಸೆರಗಿಗೆ ಕೈ ಒರೆಸಿ ಹಿಡಿದುಕೊಂಡಳು.

"ಇದರಾಗ ನನ್ನ ಹೆಸರು ಐತೇನು?"

"ಇಲ್ಲ ಅತ್ತಿ. ರಕ್ತ ಕೊಟ್ಟವರ ಹೆಸರು ಎಲ್ಲೂ ಬರಂಗಿಲ್ಲ."

"ಚಲೋ ಆತು. ಹಂಗಾರ ಓಣಿಗೆಲ್ಲ ತೋರಿಸಬಹುದು." ತಿರುಗಿಸಿ ಮುರುಗಿಸಿ ನೋಡಿದಳು. "ಆಗೋದಿಲ್ಲ ಅಂದಿದ್ದೆ, ಆದಿ. ಆದ್ರ ಒಂದು ಹೇಳ್ತೇನಿ ಕೇಳು, ಮೈಯಾಗ ಏನರ ಆದ್ರ ಮಾತ್ರ ನಿನ್ನ ಕಡೆ ಬರಂಗಿಲ್ಲ. ಸೀದಾ ಆ ಡಾಕ್ಟರ್ ಬಾಯಿ ಕಡೆ ಹೊಕ್ಕೇನಿ."