ತೊಟ್ಟಿಲಿಗೆ ಕರೆ ಬಂತು

ಎದುರು ಮನೆಯ ನಾಮಕರಣಕ್ಕೆ ನಮ್ಮ ಮನೆಯ ತೊಟ್ಟಿಲು ಹೋಯಿತು. ನಾನು ಹೋಗಲಿಲ್ಲ.

ಇದು ನಡೆದು ಕೆಲವು ತಿಂಗಳಾದವು. ಬರೆಯಲೋ ಬೇಡವೋ ಎಂದು ಮೀನಮೇಷ ಎಣಿಸುತ್ತಿದ್ದೆ. ಹೋದ ವಾರ ತೊಟ್ಟಿಲು ವಾಪಸು ಬಂತು. ಇನ್ನು ಬರೆಯದೆ ಇರಲಾರೆ.

ನಿಮ್ಮ ಮನೆಯಲ್ಲಿ ತೊಟ್ಟಿಲೇಕೆ ಎಂದು ಈ ಅಂಕಣವನ್ನು ತಪ್ಪದೆ ಓದುವವರು ಕೇಳಬಹುದು. ನ್ಯಾಯವೇ. ನಮಗೆ ಮಕ್ಕಳಿಲ್ಲ. ಮದುವೆಯಾದ ಹೊಸತರಲ್ಲಿ ಜನ "ಏನಾದ್ರೂ ವಿಶೇಷ ಉಂಟಾ?" ಎಂದು ಕೇಳುತ್ತಿದ್ದರು. ಆಮೇಲೆ "ಡಾಕ್ಟರಿಗೆ ತೋರ್ಸಿದ್ರಾ?" ಎಂದರು. ಆಮೇಲೆ ಇಂಥ ದೇವರಿಗೆ ಹರಕೆ ಹೊತ್ತುಕೊಳ್ಳಿ ಎಂದರು. ಈಗ ಯಾರೂ ಏನೂ ಕೇಳುವುದಿಲ್ಲ. (ಕೇಳುತ್ತಿದ್ದಾಗಲೇ ವಾಸಿಯಿತ್ತು.)

ತೊಟ್ಟಿಲು ಬಂದದ್ದು ನಮ್ಮ ಯಜಮಾನರ ಸೆಕೆಂಡ್ ಹ್ಯಾಂಡ್ ಹುಚ್ಚಿನಿಂದ. ಭಾನುವಾರ ಬಂತೆಂದರೆ ಸೈಕಲ್ ಹತ್ತಿ ಹೊರಟುಬಿಡುತ್ತಾರೆ. ಎಲ್ಲಿ ಹರಾಜು, ಎಲ್ಲಿ ಗುಜರಿ, ಎಲ್ಲಿ ಯಾರು ಮನೆ ಖಾಲಿ ಮಾಡುತ್ತಿದ್ದಾರೆ ಎಂಬುದೆಲ್ಲ ಅವರಿಗೆ ಹೇಗೋ ಗೊತ್ತಾಗುತ್ತದೆ. ನಮ್ಮ ಮನೆಯ ಗಡಿಯಾರ ತನಗೆ ತೋಚಿದಷ್ಟು ಗಂಟೆ ಹೊಡೆಯುತ್ತದೆ. ಆರಾಮ ಕುರ್ಚಿಯ ಕೈಮೇಲೆ ಯಾರೋ ಸಿಗರೇಟಿನಿಂದ ಸುಟ್ಟ ಕಲೆಯಿದೆ. ಕಾಫಿ ಫಿಲ್ಟರಿನ ಮೇಲೆ ನಾನು ಕಂಡರಿಯದ ಯಾವಳೋ ಸೌಭಾಗ್ಯವತಿಯ ಹೆಸರು ಕೆತ್ತಿದೆ. ಮೊದಮೊದಲು ರೇಗುತ್ತಿದ್ದೆ. ಆಮೇಲೆ ನನಗೂ ಅದೇ ರೋಗ ಹತ್ತಿಕೊಂಡಿತು. ಬೆಳಿಗ್ಗೆ ಆ ಫಿಲ್ಟರಿನಲ್ಲಿ ಡಿಕಾಕ್ಷನ್ ತೊಟತೊಟ ಇಳಿಯುವಾಗ, ಆಯಮ್ಮ ಈಗ ಎಲ್ಲಿದ್ದಾಳೋ, ಕಾಫಿ ಕುಡಿದಳೋ ಇಲ್ಲವೋ ಎಂದು ಯೋಚಿಸುತ್ತೇನೆ. ಬಳಸಿದ ವಸ್ತು ಮನೆಗೆ ಬಂದರೆ ಜೊತೆಗೆ ಒಬ್ಬರು ಬಂದಂತೆ. ಇಬ್ಬರೇ ಇರುವ ಮನೆಗೆ ಅದೇನು ಸಣ್ಣ ಸುಖವೇ?

ಒಂದು ಭಾನುವಾರ ಯಜಮಾನರು ಕತ್ರಿಗುಪ್ಪೆಗೆ ಹೋದರು. ಅಲ್ಲೊಂದು ರೈತರ ಮನೆಯಲ್ಲಿ ಅಣ್ಣತಮ್ಮಂದಿರು ಪಾಲಾಗಿ, ಹಳೆಯ ಮನೆ ಕೆಡವಿ, ಮರಮುಟ್ಟು ಮಾರುತ್ತಿದ್ದರಂತೆ. ಹೊಲವೆಲ್ಲ ಲೇಔಟಿಗೆ ಹೋಗಿ ಆಗಿತ್ತು. ಇವರು ಹೋದದ್ದು ಒಂದು ಪುಸ್ತಕದ ಬೀರುವಿಗೆ ಹಲಗೆ ಸಿಕ್ಕೀತೆಂದು. ಬಂದದ್ದು ಜಟಕಾದಲ್ಲಿ, ತೊಟ್ಟಿಲ ಜೊತೆ.

ನಾನು ಗೇಟಿನ ಹತ್ತಿರ ನಿಂತು ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ.

"ಮರ ಚೆನ್ನಾಗಿದೆ ಕಣೆ. ತೇಗ," ಎಂದರು.

"ಹೌದು, ಚೆನ್ನಾಗಿದೆ," ಎಂದೆ.

ಅಷ್ಟೇ ಮಾತು. ನಮ್ಮಿಬ್ಬರ ನಡುವೆ ಇದಕ್ಕಿಂತ ದೊಡ್ಡ ಮಾತು ಆ ವಿಷಯದಲ್ಲಿ ಹಿಂದೆಯೂ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮಾತ್ರ ಅವರು, ಆ ಮನೆಯ ಅಜ್ಜಿ ತೊಟ್ಟಿಲು ಕೊಡುವಾಗ ಅದರ ಅಂಚು ಸವರಿ ಹೇಳಿದ್ದನ್ನು ಹೇಳಿದರು: "ನನ್ ಮಕ್ಳು, ಮೊಮ್ಮಕ್ಳು ಎಲ್ಲಾ ಇದ್ರಾಗೇ ಬೆಳ್ದವ್ರೆ ಸೋಮಿ. ಒಂದ್ನೂ ಕಳ್ಕಂಡಿಲ್ಲ."

ಜಯನಗರದಲ್ಲಿ ನಾವು ಮನೆ ಕಟ್ಟಿಸಿದಾಗ ಮೇಸ್ತ್ರಿ ನಮ್ಮನ್ನು ಕೇಳದೆಯೇ ನಡುಮನೆಯ ಸೂರಿಗೆ ತೊಟ್ಟಿಲ ಕೊಂಡಿ ಬಿಟ್ಟಿದ್ದ. ಎಲ್ಲರ ಮನೆಗೂ ಬಿಡುತ್ತಾನೆ, ನಮಗೂ ಬಿಟ್ಟ. ಅಷ್ಟು ವರ್ಷ ಆ ಕೊಂಡಿಯನ್ನು ತಲೆಯೆತ್ತಿ ನೋಡದೆ ಓಡಾಡುವುದನ್ನು ನಾನು ಕಲಿತಿದ್ದೆ. ಈಗ ಅದಕ್ಕೆ ತೊಟ್ಟಿಲು ತೂಗುಬಿತ್ತು.

ಖಾಲಿ ತೊಟ್ಟಿಲು ತೂಗಬಾರದು ಎಂದು ನಮ್ಮತ್ತೆ ಹೇಳುತ್ತಿದ್ದರು. ಅದಕ್ಕೆ ಖಾಲಿ ಬಿಡಲಿಲ್ಲ. ಹಳೆಯ ವಾರಪತ್ರಿಕೆ ತುಂಬಿದೆ. ಅರ್ಧ ಹೆಣೆದ ಸ್ವೆಟರ್, ಉಲ್ಲನ್ ಉಂಡೆ, ಹರಿದ ದಿಂಬಿನ ಚೀಲ, ಎಲ್ಲ ಅದರೊಳಗೆ. ಹಿತ್ತಾಳೆ ಸರಪಳಿಯನ್ನು ಹುಣಸೆಹಣ್ಣು ಹಾಕಿ ಉಜ್ಜಿದೆ. ಮರಕ್ಕೆ ಎಣ್ಣೆ ಕೊಟ್ಟೆ. ಮಧ್ಯಾಹ್ನ ಕೆಲಸ ಮುಗಿಸಿ, ಪಕ್ಕದಲ್ಲಿ ಚಾಪೆ ಹಾಸಿ ಕೂತು, ಒಂದು ಕೈಯಲ್ಲಿ ಪುಸ್ತಕ ಹಿಡಿದು ಇನ್ನೊಂದು ಕೈಯಲ್ಲಿ ಹಗುರವಾಗಿ ತೂಗುತ್ತಿದ್ದೆ. ಸರಪಳಿ ಕಿರ್ ಎನ್ನುತ್ತಿತ್ತು. ಕಿಟಕಿಯ ಬಿಸಿಲು ನೆಲದ ಮೇಲೆ ಸರಿಯುತ್ತಿತ್ತು. ಪತ್ರಿಕೆಗಳನ್ನು ತೂಗುವ ಹೆಂಗಸನ್ನು ಕಂಡರೆ ನೀವು ನಗುತ್ತೀರಿ. ನಗಿ. ಆ ಹೊತ್ತು ನನಗೆ ಸುಖವಾಗಿತ್ತು.

ನಗದೆ ಇದ್ದವಳು ಒಬ್ಬಳೇ, ಎದುರು ಮನೆಯ ವಿಮಲ.

ವಿಮಲ ಸೀತಮ್ಮನವರ ಕಿರಿಯ ಮಗಳು. ಗಂಡನ ಕೆಲಸ ದಾವಣಗೆರೆಯಲ್ಲಿ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ತಾಯಿಯ ಉಪದೇಶ ತಡೆಯಲಾರದೆ ಮಧ್ಯಾಹ್ನ ನಮ್ಮ ಮನೆಗೆ ಓಡಿಬರುತ್ತಿದ್ದಳು. ಭಾರವಾದ ಹೊಟ್ಟೆ ಹೊತ್ತು, ಗೋಡೆಗೆ ಒರಗಿ, ಕಾಲು ಚಾಚಿ ಕೂತು ನನ್ನ ಉಪ್ಪಿನಕಾಯಿ ಜಾಡಿ ಖಾಲಿ ಮಾಡುತ್ತಿದ್ದಳು. ತೊಟ್ಟಿಲ ಅಂಚಿನಲ್ಲಿ ಪುಟ್ಟ ಪುಟ್ಟ ಗುಳಿಗಳಿರುವುದನ್ನು ಮೊದಲು ಕಂಡವಳೂ ಅವಳೇ.

"ಅಕ್ಕಾ, ಇಲ್ನೋಡಿ! ಯಾವ್ದೋ ಮಗು ಕಚ್ಚಿದೆ!"

ನೋಡಿದೆ. ಹೌದು, ಹಲ್ಲಿನ ಗುರುತು. ನಾನು ದಿನಾ ಎಣ್ಣೆ ಒರೆಸುತ್ತಿದ್ದ ಜಾಗ. ಕತ್ರಿಗುಪ್ಪೆಯ ಯಾವುದೋ ಕೂಸು ಹಲ್ಲು ಬರುವ ಕಡಿತಕ್ಕೆ ತೇಗವನ್ನೇ ಕಡಿದಿತ್ತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

"ನನ್ ಮಗೂನೂ ಇದ್ರಲ್ಲೇ ಮಲಗ್ಲಿ ಅಕ್ಕ. ಕೊಡ್ತೀರಾ?"

"ನಿನಗಲ್ದೆ ಇನ್ಯಾರಿಗೆ ಕೊಡ್ಲಿ?"

ಹೆಣ್ಣು ಮಗು ಹುಟ್ಟಿತು. ನಾಮಕರಣ ಹತ್ತಿರ ಬಂದಾಗ ಸೀತಮ್ಮನವರು ತಾವೇ ನಮ್ಮ ಮನೆಗೆ ಬಂದರು. ಕುಂಕುಮ ಕೊಟ್ಟೆ, ಕಾಫಿ ಕೊಟ್ಟೆ. ಅವರ ಮನೆಯ ತೊಟ್ಟಿಲು ಹಿರಿಯ ಮಗಳ ಜೊತೆ ತುಮಕೂರಿಗೆ ಹೋಗಿದೆಯಂತೆ.

"ನಿಮ್ ತೊಟ್ಟಿಲು ಒಳ್ಳೇದಂತೆ ಸರೋಜ. ಮಕ್ಳೆಲ್ಲ ಬದುಕಿ ಬಾಳಿದ ತೊಟ್ಲು ಅಂತ ವಿಮಲ ಹೇಳಿದ್ಲು. ಅಂಥದ್ದು ಸಿಗೋದು ಪುಣ್ಯ."

(ರೈತರ ಮನೆಯ ತೊಟ್ಟಿಲು, ಸೀತಮ್ಮನವರದು ಮಡಿಯ ಮನೆ. ಒಂದು ಕೊಡ ನೀರು ಹೊಯ್ದರೆ ಸರಿಹೋಗುತ್ತದಂತೆ. ಮರಕ್ಕೆ ಆ ಸೌಕರ್ಯವಿದೆ.)

"ಧಾರಾಳವಾಗಿ ತಗೊಂಡು ಹೋಗಿ," ಎಂದೆ.

ಅವರು ಎದ್ದರು. ಬಾಗಿಲ ತನಕ ಹೋದರು. ಚಪ್ಪಲಿ ಮೆಟ್ಟುತ್ತಾ, ನನ್ನನ್ನು ನೋಡದೆ ಹೇಳಿದರು:

"ನೀವು ಸಾಯಂಕಾಲದ ಮೇಲೆ ಬನ್ನಿ. ಬೆಳಿಗ್ಗೆ ಬೀಗರ ಕಡೆಯೋರು ಇರ್ತಾರೆ. ಹಳೇ ಕಾಲದೋರು. ತೊಟ್ಟಿಲಿಗೆ ಹಾಕೋ ಹೊತ್ನಲ್ಲಿ... ನಿಮಗೇ ಗೊತ್ತಲ್ಲ. ತಪ್ಪು ತಿಳ್ಕೋಬೇಡಿ ಸರೋಜ."

"ಇಲ್ಲ ಬಿಡಿ," ಎಂದೆ. ನಗುತ್ತಲೇ ಅಂದೆ. ಆ ನಗು ಎಲ್ಲಿಂದ ಬಂತೋ!

ಯಜಮಾನರಿಗೆ ಹೇಳಿದಾಗ ಅವರ ಮುಖ ಕಪ್ಪಿಟ್ಟಿತು. ಜೋರು ಮಾತಿನ ಮನುಷ್ಯರಲ್ಲ. ಅಂದು ಮಾತ್ರ ತಟ್ಟೆ ಸರಿಸಿ ಎದ್ದರು.

"ಕೊಡಬೇಡ. ಏನಾದ್ರೂ ನೆಪ ಹೇಳು. ಸರಪಳಿ ಮುರಿದಿದೆ ಅನ್ನು."

"ವಿಮಲಂಗೆ ಮಾತು ಕೊಟ್ಟಿದೀನಿ."

"ನಿನ್ನನ್ನ ಬೇಡ ಅಂದೋರ ಮನೆಗೆ ನಮ್ಮ ಸಾಮಾನು ಯಾಕೆ?"

"ನಾವು ಅದರಲ್ಲಿ ಪೇಪರ್ ತೂಗ್ತಾ ಇದೀವಿ. ಅಲ್ಲಾದ್ರೂ ಒಂದು ಮಗು ಮಲಗುತ್ತೆ. ಆ ತೊಟ್ಟಿಲಿಗಾದ್ರೂ ನ್ಯಾಯ ಬೇಡ್ವಾ?"

ಪತ್ರಿಕೆಗಳನ್ನು ತೆಗೆದು ಕಟ್ಟು ಕಟ್ಟಿದೆ. ಸರಪಳಿ ಮತ್ತೆ ಉಜ್ಜಿದೆ. ನಾಮಕರಣದ ಬೆಳಿಗ್ಗೆ ನಮ್ಮ ಯಜಮಾನರೇ ಸೀತಮ್ಮನವರ ಗಂಡನ ಜೊತೆ ಕೈಜೋಡಿಸಿ ತೊಟ್ಟಿಲನ್ನು ರಸ್ತೆ ದಾಟಿಸಿದರು, ಅಲ್ಲಿ ಸೂರಿಗೆ ಸಿಕ್ಕಿಸಿಯೂ ಬಂದರು. ಆ ಮನೆಯವರು ಇವರನ್ನು ಕೂರಿಸಿ ತಿಂಡಿ ಕೊಡಲು ಬಂದರಂತೆ. ಮಕ್ಕಳಿಲ್ಲದ ಗಂಡಸಿಗೆ ಆ ದೋಷ ತಟ್ಟುವುದಿಲ್ಲ, ನೋಡಿ. ಇವರು ಆಫೀಸಿಗೆ ಹೊತ್ತಾಯಿತು ಎಂದು ಬಂದುಬಿಟ್ಟರು. ಆಫೀಸಿಗೆ ರಜಾ ಹಾಕಿದ್ದರು.

ನಮ್ಮ ಬೀದಿ ಅಗಲವೇನಲ್ಲ. ಅಲ್ಲಿ ಹೆಂಗಸರು ಹಾಡಿದ್ದು, ನಕ್ಕಿದ್ದು, ಆರತಿ ತಟ್ಟೆ ತರಲು ಯಾರೋ ಯಾರನ್ನೋ ಕೂಗಿದ್ದು, ಎಲ್ಲ ನಮ್ಮ ಅಡುಗೆಮನೆಗೆ ಕೇಳಿಸಿತು. ನಾನು ಉಪ್ಪಿಟ್ಟು ಮಾಡಿದೆ. ಇಬ್ಬರೂ ತಿಂದೆವು. ಉಪ್ಪು ಹಾಕಿರಲಿಲ್ಲ ಎಂದು ಸಂಜೆ ತಟ್ಟೆ ತೊಳೆಯುವಾಗ ನೆನಪಾಯಿತು. ಅವರು ತಿನ್ನುವಾಗ ಒಂದು ಮಾತೂ ಅಂದಿರಲಿಲ್ಲ.

ಸಾಯಂಕಾಲ ಹೋಗಲು ಸೀರೆ ಉಟ್ಟೆ. ಬೆಳ್ಳಿಯ ಪುಟ್ಟ ಬಟ್ಟಲು ತೆಗೆದಿಟ್ಟಿದ್ದೆ. ಗೇಟಿನ ತನಕ ಹೋದೆ. ಚಿಲಕ ತೆಗೆಯದೆ ವಾಪಸು ಬಂದೆ.

ಮರುದಿನ ವಿಮಲ ಕಿಟಕಿಯಿಂದ ಕೂಗಿದಳು. ತಲೆಗೆ ಬಟ್ಟೆ ಕಟ್ಟಿದ್ದ ಬಾಣಂತಿ.

"ಯಾಕಕ್ಕ ಬರ್ಲಿಲ್ಲ? ಎಷ್ಟು ಕಾದೆ ಗೊತ್ತಾ?"

"ತಲೆನೋವು ಕಣೇ," ಎಂದೆ.

ಅವಳ ಹಿಂದೆ ಸೀತಮ್ಮನವರು ನಿಂತಿದ್ದರು. ಏನು ಹೇಳಬೇಕಿತ್ತು ನಾನು? ನಿಮ್ಮಮ್ಮನೇ ಬೇಡ ಎಂದರು ಎನ್ನಲೇ? ಹಸಿ ಬಾಣಂತಿಗೆ ತಾಯಿಯ ಮೇಲೆ ದೂರು ಹೇಳಲೇ? ಮುಂದಿನ ವಾರ ಕೇಳಿದಾಗ ನೆಂಟರು ಬಂದಿದ್ದಾರೆ ಎಂದೆ. ಅದಾದ ಮೇಲೆ ಬರವಣಿಗೆ ಇದೆ ಎಂದೆ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಕಿಟಕಿಯಲ್ಲಿ ನಿಂತರೂ ನನ್ನನ್ನು ಕಂಡರೆ ಒಳಕ್ಕೆ ಸರಿಯತೊಡಗಿದಳು. ಸರೋಜಕ್ಕನಿಗೆ ನನ್ನ ಮಗುವಿನ ಮೇಲೆ ಹೊಟ್ಟೆಕಿಚ್ಚು ಎಂದುಕೊಂಡಿರಬೇಕು. ನಾನು ಅವಳ ಜಾಗದಲ್ಲಿದ್ದರೆ ಹಾಗೇ ಅಂದುಕೊಳ್ಳುತ್ತಿದ್ದೆ.

ತೊಟ್ಟಿಲು ಮಾತ್ರ ಅಲ್ಲಿ ತೂಗುತ್ತಿತ್ತು. ಮಧ್ಯಾಹ್ನ ಅದೇ ಕಿರ್ ಸದ್ದು ಬೀದಿಯಾಚೆಯಿಂದ ಬರುತ್ತಿತ್ತು. ಒಂದೊಂದು ಸಲ ಸಂತೋಷವಾಗುತ್ತಿತ್ತು. ಒಂದೊಂದು ಸಲ ಎದ್ದು ಕಿಟಕಿ ಹಾಕುತ್ತಿದ್ದೆ.

ಹೋದ ವಾರ ವಿಮಲ ದಾವಣಗೆರೆಗೆ ಹೊರಟಳು. ಜಟಕಾ ಬಂದು ನಿಂತಿತ್ತು. ಹೇಳಿ ಹೋಗುವುದು ಶಾಸ್ತ್ರ, ಅದಕ್ಕೆ ಬಂದಳು. ಕಂಕುಳಲ್ಲಿ ಮಗು, ಬೆನ್ನಿಗೆ ತಾಯಿ.

"ಹೋಗ್ಬರ್ತೀನಿ," ಎಂದಳು. ಅಕ್ಕ ಎನ್ನಲಿಲ್ಲ.

ಕುಂಕುಮ ಕೊಟ್ಟೆ. ಬೆಳ್ಳಿ ಬಟ್ಟಲನ್ನು ಅವಳ ಕೈಗಿಟ್ಟೆ. ಮಗು ನನ್ನ ಬಳೆ ನೋಡಿ ಕೈ ಚಾಚಿತು. ನಾನೂ ಅರಿಯದೆ ಕೈ ಚಾಚಿದೆ. ತಟ್ಟನೆ ಸೀತಮ್ಮನವರು ನಡುವೆ ಬಂದು ಮಗುವಿನ ಕೈ ಹಿಡಿದುಕೊಂಡರು.

"ಟ್ರೈನಿಗೆ ಹೊತ್ತಾಯ್ತು, ನಡಿ ನಡಿ."

ವಿಮಲ ನಡೆಯಲಿಲ್ಲ. ಅಮ್ಮನ ಕೈ ನೋಡಿದಳು. ನನ್ನ ಕೈ ನೋಡಿದಳು. ಬಟ್ಟಲು ನೋಡಿದಳು.

"ಅಮ್ಮ, ನಾಮಕರಣಕ್ಕೆ ಅಕ್ಕಂಗೆ ಬರಬೇಡಿ ಅಂದ್ಯಾ?"

ಸೀತಮ್ಮನವರು ನನ್ನ ಕಡೆ ನೋಡಿದರು. ನಾನು ಹೇಳಿಬಿಟ್ಟೆನೇನೋ ಎಂಬ ನೋಟ. ಆಮೇಲೆ ಅವರ ದನಿ ಸಣ್ಣದಾಯಿತು.

"ನಿನಗೇನು ಗೊತ್ತು? ತುಮಕೂರಿನ ನಿಮ್ಮಕ್ಕನಿಗಿಂತ ಮುಂಚೆ ಎರಡು ಹೆತ್ತೆ. ಎರಡೂ ಹೆಸರಿಡೋ ಮುಂಚೇನೇ ಹೋದ್ವು. ನನಗೆ ಭಯ ಕಣೇ. ನಾನು ಯಾವುದನ್ನೂ ಬಿಟ್ಟುಕೊಡೋಕೆ ಆಗಲ್ಲ. ಶಾಸ್ತ್ರ, ದೃಷ್ಟಿ, ಯಾವುದನ್ನೂ."

ಇಷ್ಟು ವರ್ಷ ಎದುರುಬದುರು ಇದ್ದೂ ನನಗೆ ಇದು ಗೊತ್ತಿರಲಿಲ್ಲ. ಅವರನ್ನು ನೆನೆದು ಮನಸ್ಸಿನಲ್ಲೇ ಬೈದುಕೊಂಡದ್ದೆಷ್ಟು! ಈಗ ಬೈಯಲೂ ಆಗುವುದಿಲ್ಲ. ಆದರೆ ನೋವು ಕಡಿಮೆಯಾಯಿತೇ? ಅದೂ ಇಲ್ಲ.

ವಿಮಲ ಅಮ್ಮನ ಕೈ ಬಿಡಿಸಿ ಮಗುವನ್ನು ನನ್ನ ಕೈಗೆ ಕೊಟ್ಟಳು.

ಕಥೆಯಾಗಿದ್ದರೆ ಮಗು ನಗುತ್ತಿತ್ತು. ಇದು ಕಥೆಯಲ್ಲ. ಐದು ತಿಂಗಳಲ್ಲಿ ಒಮ್ಮೆಯೂ ಹತ್ತಿರದಿಂದ ಕಾಣದ ಮುಖ ಕಂಡು ಅದು ಕಿಟಾರನೆ ಕಿರುಚಿತು. ಸೀತಮ್ಮನವರು ಮುನ್ನುಗ್ಗಿ ಎತ್ತಿಕೊಂಡರು. ವಿಮಲ ಅಳುತ್ತಲೇ ಜಟಕಾ ಹತ್ತಿದಳು. "ಬರೀತೀನಿ ಅಕ್ಕಾ!" ಎಂದು ಕೂಗಿದಳು. ಕುದುರೆ ತಿರುವಿನಲ್ಲಿ ಮರೆಯಾಯಿತು.

ಸಂಜೆ ಯಜಮಾನರು ತೊಟ್ಟಿಲು ತಂದು ಕೊಂಡಿಗೆ ಹಾಕಿದರು. ಅದರಲ್ಲಿ ಹಾಲಿನ ವಾಸನೆ ಇತ್ತು, ಬಜೆಯ ವಾಸನೆ ಇತ್ತು. ನಾನು ಒರೆಸಲಿಲ್ಲ. ಪತ್ರಿಕೆಗಳ ಕಟ್ಟು ಮೂಲೆಯಲ್ಲೇ ಇದೆ. ಇನ್ನೂ ತುಂಬಿಲ್ಲ, ತೂಗಿಲ್ಲ. ಯಜಮಾನರು ಈ ಭಾನುವಾರ ಸೈಕಲ್ ಮುಟ್ಟದೆ ಮನೆಯಲ್ಲೇ ಕೂತಿದ್ದರು.

ನಾಮಕರಣದ ದಿನ ನಾನು ಕಿಟಕಿಯಿಂದ ಕಂಡದ್ದು ಒಂದೇ ನೋಟ. ಆ ಮಾತೊಂದನ್ನು ಹೇಳಿ ಮುಗಿಸುತ್ತೇನೆ. ಮಗುವಿಗಿಂತ ಮೊದಲು ತೊಟ್ಟಿಲಿಗೆ ಗುಂಡುಕಲ್ಲು ಹಾಕುವುದು ನಮ್ಮಲ್ಲಿ ಶಾಸ್ತ್ರ, ನಿಮಗೆಲ್ಲ ಗೊತ್ತು. ಅಡುಗೆಮನೆಯ ರುಬ್ಬುಗುಂಡಿಗೆ ರೇಷ್ಮೆ ತುಂಡು ಸುತ್ತಿ, ಕುಂಕುಮವಿಟ್ಟು, ಮುತ್ತೈದೆಯರೆಲ್ಲ ಸೇರಿ ತೂಗಿದರು.

ಆ ಕಲ್ಲಿಗೆ ಎಷ್ಟು ಮಕ್ಕಳು ಎಂದು ಅಲ್ಲಿದ್ದ ಯಾರಾದರೂ ಕೇಳಿದರೇ?