ಬೆರಳಿಟ್ಟು ತೋರಿಸಿದ ಏಳು ಮುಖಗಳು

ಮಹಾರಾಷ್ಟ್ರದ ಗಡಿಯ ಉಮರ್ಗಾದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ರೇಣುಕಾಪ್ರಸಾದನನ್ನು ಜನ ಹೆಸರು ಹಿಡಿದು ಕರೆಯುವುದಿಲ್ಲ, ಅಯ್ಯನೋರು ಎನ್ನುತ್ತಾರೆ. ತಂದೆ ಹಾಲಯ್ಯನವರು ಜಂಗಮರು. ಸುತ್ತಲಿನ ಹಳ್ಳಿಗಳಲ್ಲಿ ಮದುವೆಯಾಗಲಿ, ಲಿಂಗದೀಕ್ಷೆಯಾಗಲಿ ಅವರೇ ಬರಬೇಕು. ಮಗನಿಗೆ ಮಂತ್ರ ಬಾಯಿಗೆ ಹತ್ತಲಿಲ್ಲ, ಕ್ಯಾಮೆರಾ ಕೈಗೆ ಹತ್ತಿತು.

ಉದಗೀರಿನ ದಾಲ್ ಮಿಲ್ಲುಗಳಲ್ಲಿ ಪಳಗಿದ ನಲವತ್ತು ಕುಟುಂಬಗಳು ಅವನಿನ್ನೂ ಹರೆಯದವನಿದ್ದಾಗ ರಾಜಸ್ಥಾನದ ಮರುಭೂಮಿಯ ಒಂದು ನಗರದಲ್ಲಿ ನೆಲೆಸಿದ್ದವು. ಅಲ್ಲಿ ಹೊಸ ಮಿಲ್ಲು ಹಾಕಿದ ಸೇಠ ಕೆಲಸ ಬಲ್ಲವರನ್ನು ಇಲ್ಲಿಂದಲೇ ಕರೆಸಿಕೊಂಡಿದ್ದ. ಮನೆಯ ಕಾರ್ಯಗಳಿಗೆ ಅವರಿಗೆ ತಮ್ಮ ಅಯ್ಯನವರೇ ಬೇಕು. ವರ್ಷಕ್ಕೊಮ್ಮೆ ಹಾಲಯ್ಯನವರು ಎರಡು ದಿನ ರೈಲಿನಲ್ಲಿ ಕೂತು ಹೋಗುತ್ತಿದ್ದರು. ಒಂದು ವರ್ಷ ಮಗನೂ ಜೊತೆಗೆ ಹೋದ. ತಂದೆ ಮರಳಿದರು, ಮಗ ಉಳಿದ.

ಆರು ವರ್ಷ ಅವನು ಆ ಜನರ ಬದುಕನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದ. ಮರಳಿನ ಮೇಲೆ ಹಾಕಿದ ಹಂದರ, ಊರಿಂದ ತರಿಸಿದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯುವ ಹೆಂಗಸರು, ಬಿರುಗಾಳಿಗೆ ಮುಖ ಮುಚ್ಚಿಕೊಂಡು ಶಾಲೆಗೆ ಹೊರಟ ಮಕ್ಕಳು. ಊಟ ಮಾತ್ರ ಉಮರ್ಗಾ ಪಕ್ಕದ ಗುಂಜೋಟಿಯಿಂದ ಬಂದ ಚಂಪಾಬಾಯಿಯ ಮನೆಯಲ್ಲಿ. ಅವಳ ಗಂಡ ದಿಗಂಬರ ಮಿಲ್ಲಿನಲ್ಲಿ ಬೇಳೆಗೆ ಪಾಲಿಶ್ ಹಾಕುವ ಯಂತ್ರ ನೋಡಿಕೊಳ್ಳುತ್ತಿದ್ದ. ರೇಣುಕಾಪ್ರಸಾದ ಉಣ್ಣದೆ ಅವಳು ತಾಟು ಮುಂದೆ ಎಳೆದುಕೊಂಡವಳಲ್ಲ.

ಆ ನಗರದ ಹೊರಗೆ ಅಣುಸ್ಥಾವರ ಬರುತ್ತದೆಂದು ಗೊತ್ತಾದಾಗ ಅಲ್ಲಿನವರು ಬೀದಿಗಿಳಿದರು. ಕಾಲುವೆಯ ನೀರು ಸ್ಥಾವರಕ್ಕೆ ಹೋದರೆ ಕುಡಿಯುವುದೇನು ಎಂದು ಮಿಲ್ಲಿನ ಕಾಲೋನಿಯವರೂ ಕೆಲವರು ಸೇರಿಕೊಂಡರು. ಸೇಠನಿಗೆ ಇದು ಸೇರಲಿಲ್ಲ. ಮರಾಠಿ ಶಾಲೆಯಲ್ಲಿ ನಾಲ್ಕು ಕ್ಲಾಸು ಕಲಿತ ಚಂಪಾಬಾಯಿಗೆ ಕನ್ನಡ ಆಡಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಅವಳು ಒಂದು ರಟ್ಟು ತಂದು ರೇಣುಕಾಪ್ರಸಾದನ ಮುಂದಿಟ್ಟಳು.

"ನಮ್ಮ ಮಾತಿನಾಗ ಬರೀರಿ ಅಯ್ಯನೋರ."

"ಇಲ್ಲಿ ಯಾರು ಓದ್ತಾರ ಚಂಪಕ್ಕ?"

"ಓದದಿದ್ದರ ಬಿಡಲಿ. ನಾವೂ ಬಂದೀವಿ ಅಂತ ತಿಳೀಬೇಕು."

'ನೀರು ನಮ್ಮ ಕೂಸುಗಳದು, ಅಣುಸ್ಥಾವರ ಬೇಡ' ಎಂದು ಅವನು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟ. ಮರುದಿನ ಮೆರವಣಿಗೆಯಲ್ಲಿ ಅವಳು ಅದನ್ನು ತಲೆಯ ಮೇಲೆತ್ತಿ ಹಿಡಿದಳು, ಪಕ್ಕದಲ್ಲಿ ದಿಗಂಬರ ಖಾಲಿ ಕೊಡ ಹಿಡಿದಿದ್ದ. ರೇಣುಕಾಪ್ರಸಾದ ಆವರೆಗೆ ತೆಗೆದ ಫೋಟೋಗಳಲ್ಲಿ ಅಂಥದು ಇನ್ನೊಂದಿರಲಿಲ್ಲ.

ವಾರದೊಳಗೆ ಸೇಠ, ಮೆರವಣಿಗೆಯ ಫೋಟೋಗಳನ್ನು ತಾ ಎಂದು ಅವನನ್ನು ಆಫೀಸಿಗೆ ಕರೆಸಿದ. ಅಲ್ಲಿಯವರೆಗೆ ಹೊರಗೇ ನಿಲ್ಲಿಸುತ್ತಿದ್ದವನು ಅಂದು ಕುರ್ಚಿ ಎಳೆದು ಕೂರಿಸಿ ಚಹಾ ತರಿಸಿದ. ಫೋಟೋಗಳನ್ನು ಒಂದೊಂದಾಗಿ ನೋಡುತ್ತ, ಇಂಥ ಕೈ ಈ ನಗರದಲ್ಲೇ ಇಲ್ಲ ಎಂದು ಹಿಂದಿಯಲ್ಲಿ ಹೊಗಳಿದ. ಹೊಗಳುತ್ತಲೇ, ಇವನ್ಯಾರು, ಇವಳ್ಯಾರು ಎಂದು ಕೇಳಿದ. ಯಾಕೆ ಕೇಳುತ್ತಿದ್ದಾನೆಂದು ರೇಣುಕಾಪ್ರಸಾದನಿಗೆ ತಿಳಿಯದೇ ಇರಲಿಲ್ಲ. ಆದರೂ ಬೆರಳಿಟ್ಟು ಹೆಸರು, ಊರು ಹೇಳುತ್ತ ಹೋದ. ಏಳು ಮನೆಯ ಏಳು ಮಂದಿ. ರಟ್ಟಿನ ಮೇಲೆ ಬರೆದವರು ಯಾರೆಂದು ಕೇಳಿದಾಗ ಮಾತ್ರ, ಗೊತ್ತಿಲ್ಲ ಎಂದ.

ಮರುದಿನವೇ ಕೆಲಸ ಬಿಡಿಸಿ ಕಾಲೋನಿಯ ಆ ಏಳು ಮನೆಗಳನ್ನು ಖಾಲಿ ಮಾಡಿಸಿದರು. ಚಂಪಾಬಾಯಿ ಸಾಮಾನು ಕಟ್ಟಿ, ಅವನಿಗೆಂದು ಎರಡು ದಿನದ ರೊಟ್ಟಿ ಬುತ್ತಿ ಮಾಡಿಟ್ಟು ಹೋದಳು. "ಯಾರು ಹೇಳ್ಯಾರೋ ಏನೋ. ನೀವು ಹುಷಾರ ಇರ್ರಿ ಅಯ್ಯನೋರ" ಎಂದಳು. ಆ ಬುತ್ತಿಯನ್ನು ಅವನು ಬಿಚ್ಚಲೇ ಇಲ್ಲ. ತಿಂಗಳೊಳಗೆ ಅವನೂ ಉಮರ್ಗಾಕ್ಕೆ ಬಂದುಬಿಟ್ಟ. ದಿಗಂಬರ ನಿಲಂಗಾದ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದನೆಂದೂ ಎರಡು ವರ್ಷಕ್ಕೆ ತೀರಿಕೊಂಡನೆಂದೂ ಸುದ್ದಿ ಬಂತು. ಮಣ್ಣು ಕೊಡಲು ಹೋಗುವಷ್ಟೂ ಧೈರ್ಯ ರೇಣುಕಾಪ್ರಸಾದನಿಗಾಗಲಿಲ್ಲ.

ಕಳೆದ ವರ್ಷ ಉದಗೀರಿನ ಕಾಲೇಜೊಂದರಲ್ಲಿ ಕಲಿಸುವ ಮೀನಲ ರಾಜಸ್ಥಾನದ ಆ ಫೋಟೋಗಳ ಪ್ರದರ್ಶನವನ್ನು ತನ್ನ ಕಾಲೇಜಿನಲ್ಲೇ ಮಾಡುತ್ತೇನೆಂದು ಬಂದಳು. ಅವನು ಮೂರು ಸಲ ಒಲ್ಲೆ ಎಂದ, ನಾಲ್ಕನೆಯ ಸಲ ಒಪ್ಪಿಕೊಂಡ. ಉದ್ಘಾಟನೆಗೆ ಅವಳು ನಿಲಂಗಾದಿಂದ ಚಂಪಾಬಾಯಿಯನ್ನೇ ಕರೆತಂದಿದ್ದಳು. ಅದು ಅವನಿಗೆ ತಿಳಿದದ್ದು ಅಲ್ಲಿಗೆ ಹೋದ ಮೇಲೆ.

ಚಂಪಾಬಾಯಿ ಮೆರವಣಿಗೆಯ ಫೋಟೋದ ಮುಂದೆ ನಿಂತು ಗಂಡನ ಮುಖದ ಮೇಲೆ ಕೈಯಾಡಿಸಿದಳು. ಆಮೇಲೆ ಮೀನಲಳ ಕಡೆ ತಿರುಗಿ, "ಈ ಅಕ್ಷರ ಅಯ್ಯನೋರ್ದೇ ರೀ ಮ್ಯಾಡಮ್. ಸೇಠಗ ನಮ್ಮ ಹೆಸರು ಹೇಳಿದಂವಾ ಯಾವನೋ, ಇವರ ಹೆಸರೊಂದು ಬಿಟ್ಟಾನ ನೋಡ್ರಿ. ಅಷ್ಟರ ಮಟ್ಟಿಗೆ ಚಲೋ ಆತು" ಎಂದಳು.

ರೇಣುಕಾಪ್ರಸಾದ ಮುಂದೆ ಬಂದ.

"ಚಂಪಕ್ಕ, ಹೇಳಿದಂವಾ ನಾನೇ."

ಅವಳು ಅವನತ್ತ ತಿರುಗಿದಳು.

"ಸೇಠ ಹೊಡದಿದ್ದನೇನ್ರಿ ನಿಮಗ?"

"ಇಲ್ಲ."

"ಅಂಜಿಸಿದ್ದನೇನು?"

"ಇಲ್ಲ ಚಂಪಕ್ಕ. ಕುರ್ಚಿ ಕೊಟ್ಟ, ಚಹಾ ಕುಡಿಸಿದ. ಫೋಟೋ ಚಲೋ ತೆಗದೀ ಅಂದ."

"ಅಷ್ಟಕ್ಕ?"

ಅವಳು ಬೈಯಲಿಲ್ಲ, ಅಳಲಿಲ್ಲ. ಫೋಟೋವನ್ನು ಗೋಡೆಯಿಂದ ಇಳಿಸಿಕೊಡುವಂತೆ ಮೀನಲಳನ್ನು ಕೇಳಿ, ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, ಭಾಷಣಕ್ಕೆ ನಿಲ್ಲದೆ ಹೊರಟುಹೋದಳು.

ಖಾಲಿಯಾದ ಆ ಜಾಗದಲ್ಲಿ ರೇಣುಕಾಪ್ರಸಾದ ತಾನು ಮಾಡಿದ್ದನ್ನು ಒಂದು ಹಾಳೆಯಲ್ಲಿ ಮರಾಠಿಯಲ್ಲೂ ಕನ್ನಡದಲ್ಲೂ ಬರೆದು ಅಂಟಿಸಿದ. ಪ್ರದರ್ಶನ ನಡೆದ ನಾಲ್ಕೂ ದಿನ ಬಾಗಿಲ ಬಳಿಯೇ ನಿಂತಿದ್ದ. ಉಳಿದ ಆರು ಮನೆಯವರೂ ಬಂದರು. ಒಬ್ಬ ಅಂಗಿ ಹಿಡಿದು ಜಗ್ಗಿದ. ಒಬ್ಬಳು ಹಾಳೆ ಓದಿ, ಅವನ ಕಡೆ ನೋಡದೆಯೇ, ಮಗಳ ಮದುವೆಯ ಫೋಟೋ ಕೇಳಿ ತೆಗೆದುಕೊಂಡು ಹೋದಳು.

ಸುದ್ದಿ ಹಾಲಯ್ಯನವರ ಕಿವಿಗೂ ಬಿತ್ತು. "ಆ ಮಂದಿ ಮನಿ ಹೊಸ್ತಿಲಾ ನಾ ಹೆಂಗ ಏರಲೋ ಈಗ?" ಎಂದವರು ಎಂಟು ದಿನ ಮಗನ ಜೊತೆ ಮಾತಾಡಲಿಲ್ಲ. ಒಂಬತ್ತನೆಯ ದಿನ ಯಾರಿಗೂ ಹೇಳದೆ ನಿಲಂಗಾಕ್ಕೆ ಹೋಗಿಬಂದರು. ಚಂಪಾಬಾಯಿ ಒಳಗೆ ಕರೆದು ಹಾಲು ಕೊಟ್ಟಳಂತೆ. ಮಗನ ಮಾತು ಅವಳೂ ತೆಗೆಯಲಿಲ್ಲ, ಇವರೂ ತೆಗೆಯಲಿಲ್ಲ.

"ನೀ ಹೋಗಬ್ಯಾಡ" ಎಂದರು ತಂದೆ. "ಆಕಿ ಕರಿಯೂತನಕ ಹೋಗಬ್ಯಾಡ."

ಆಕೆ ಇನ್ನೂ ಕರೆದಿಲ್ಲ.